ವಿದ್ಯಾರ್ಥಿ ಗ್ರಾಹಕರು ಮತ್ತು ಸ್ಥಳೀಯ ವರ್ತಕರು

ಕಾಲೇಜು ವಿದ್ಯಾರ್ಥಿಗಳ ಚೀಲದಲ್ಲಿ ಪುಸ್ತಕಗಳೊಡನೆ ಲ್ಯಾಪ್‌ಟಾಪ್, ಮೊಬೈಲ್, ಇಯರ್‌ಫೋನ್, ಪವರ್ ಬ್ಯಾಂಕ್‌ಗಳೂ ಸ್ಥಾನ ಪಡೆದಿವೆ. 2020ರ ಆನ್‌ಲೈನ್ ಪಾಠಗಳ ತರುವಾಯ ಇವು ಶೋಕಿಯ ವಸ್ತುಗಳಾಗಿ ಉಳಿದಿಲ್ಲ. ಆದರೆ ಈ ಖರೀದಿಯ ಗಣನೀಯ ಭಾಗವು ಆನ್‌ಲೈನ್ ಮಾರಾಟ ಸಂಸ್ಥೆಗಳ ಪಾಲಾಗುತ್ತಿರುವುದು ಸ್ಥಳೀಯ ವರ್ತಕರಿಗೆ ಚಿಂತೆಯ ವಿಷಯವಾಗಿದೆ.

ಬರೀ ಬೆಲೆಯ ಪೈಪೋಟಿಯಲ್ಲಿ ಸಣ್ಣ ವರ್ತಕರು ಗೆಲ್ಲುವುದು ಕಷ್ಟಸಾಧ್ಯ. ಮೊಬೈಲ್ ಫೋನುಗಳ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ ಶೇ. 12ರಿಂದ ಶೇ. 18ಕ್ಕೆ ಏರಿದೆ. ಹಾಗೆಂದು ಬಿಲ್ಲಿಲ್ಲದ ವ್ಯಾಪಾರಕ್ಕೆ ಇಳಿಯುವುದು ಆತ್ಮಘಾತುಕ. ಬಿಲ್ಲಿಲ್ಲದಿದ್ದರೆ ವಾರಂಟಿ ಪಡೆಯುವುದು ದುಸ್ತರ. ಚಾರ್ಜರ್, ಪವರ್ ಬ್ಯಾಂಕ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯವಾಗಿರುವಾಗ ಅಗ್ಗದ ನಕಲಿ ಸರಕನ್ನು ಇಡುವುದು ಕಾನೂನಿಗೂ ಸುರಕ್ಷತೆಗೂ ವಿರುದ್ಧ. ಮೋಸಹೋದ ಒಬ್ಬ ವಿದ್ಯಾರ್ಥಿಯೊಡನೆ ಇಡೀ ಹಾಸ್ಟೆಲಿನ ಗಿರಾಕಿಯೇ ಕೈತಪ್ಪುತ್ತದೆ.

ಸ್ಥಳೀಯ ವರ್ತಕರ ನಿಜವಾದ ಬಂಡವಾಳ ದುರಸ್ತಿ ಸೇವೆ. ಪರೀಕ್ಷೆಯ ಹಿಂದಿನ ದಿನ ಕೆಟ್ಟ ಲ್ಯಾಪ್‌ಟಾಪಿಗೆ ಬೇಕಾದುದು ರಿಯಾಯಿತಿಯಲ್ಲ, ಅಂದೇ ಸರಿಪಡಿಸಿಕೊಡುವ ಕೈ. ಬೆಂಗಳೂರಿನ ಎಸ್.ಪಿ. ರಸ್ತೆಯ ಹೆಸರು ಬೆಳೆದಿರುವುದರಲ್ಲಿ ಬಿಡಿಭಾಗ ಮತ್ತು ದುರಸ್ತಿಯ ಪಾಲು ದೊಡ್ಡದು. ಕೇಂದ್ರ ಸರ್ಕಾರವು 2022ರಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿತು. ಆದರೆ ಅಸಲಿ ಬಿಡಿಭಾಗಗಳೂ ತಾಂತ್ರಿಕ ಕೈಪಿಡಿಗಳೂ ನ್ಯಾಯಬೆಲೆಗೆ ಸ್ವತಂತ್ರ ದುರಸ್ತಿಗಾರರ ಕೈಸೇರದಿದ್ದರೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿದೀತು. ಇದಕ್ಕಾಗಿ ವಾಣಿಜ್ಯ ಸಂಘಗಳು ಒಗ್ಗಟ್ಟಿನಿಂದ ಒತ್ತಾಯಿಸಬೇಕು. ವರ್ತಕರು ತಮ್ಮ ಪಾಲಿಗೆ ಸರಿಯಾದ ಬಿಲ್ಲು, ಅಸಲಿ ಸರಕು ಮತ್ತು ಹೇಳಿದ ಸಮಯಕ್ಕೆ ಸೇವೆಯನ್ನು ನೀಡಿದರೆ ವಿದ್ಯಾರ್ಥಿಗಳು ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತುವರು.