ಸರಬರಾಯಿ ಮಾಡುವವರ ಸಿದ್ಧತೆ

ಗಣಕಯಂತ್ರಗಳಲ್ಲಿ ಸ್ಥಳವನ್ನುಳಿಸುವ ಸಲುವಾಗಿ ಇಸವಿಯ ಕಡೆಯ ಎರಡು ಅಂಕಿಗಳನ್ನು ಮಾತ್ರ ದಾಖಲು ಮಾಡುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ಇದರಿಂದ 2000ನೆಯ ಇಸವಿಯನ್ನು 1900 ಎಂದೆಣಿಸಿ, ಬಡ್ಡಿ, ವಾಯಿದೆ, ದಾಸ್ತಾನುಗಳ ಲೆಕ್ಕವೆಲ್ಲ ಕೆಡುವ ಸಂಭವವಿತ್ತು. ಅಮೆರಿಕಾ ದೇಶದ ದೊಡ್ಡ ವ್ಯಾಪಾರಸಂಸ್ಥೆಗಳು ತಮ್ಮ ಯಂತ್ರಗಳನ್ನು ಸರಿಪಡಿಸಿಕೊಂಡುದಲ್ಲದೆ, ತಮಗೆ ಸಾಮಾನು ಒದಗಿಸುವವರಿಗೂ ಪತ್ರ ಬರೆದು ಅವರ ಸಿದ್ಧತೆಯನ್ನು ವಿಚಾರಿಸಿದವು. ಅನೇಕ ಸಣ್ಣ ವರ್ತಕರಾದರೋ, ಕೆಟ್ಟ ಮೇಲೆ ನೋಡಿಕೊಳ್ಳೋಣವೆಂದು ಸುಮ್ಮನಿದ್ದರು. ನಿಜಸ್ಥಿತಿಯನ್ನು ತಿಳಿಸಿದರೆ ವ್ಯಾಜ್ಯಕ್ಕೆ ಗುರಿಯಾದೇವೆಂಬ ಅಂಜಿಕೆಯನ್ನು ತಗ್ಗಿಸಲು 1998ರ ಅಕ್ಟೋಬರಿನಲ್ಲಿ ಅಲ್ಲಿ ಒಂದು ಕಾಯಿದೆಯೇ ಜಾರಿಗೆ ಬಂದಿತು.

2000ದ ಜನವರಿ ಹೆಚ್ಚಿನ ಹಾನಿಯಿಲ್ಲದೆ ಕಳೆಯಿತು. ಆದಕಾರಣ ಆ ಭಯವೇ ಹುಸಿಯೆಂದು ಕೆಲವರ ವಾದ. ಆದರೆ ಬೆಂಗಳೂರಿನವರೂ ಸೇರಿದಂತೆ ಸಾವಿರಾರು ಮಂದಿ ತಜ್ಞರು ವರ್ಷಗಟ್ಟಲೆ ದುಡಿದು ದೋಷಗಳನ್ನು ತಿದ್ದಿದ್ದರು. ಮಳೆಗೆ ಮುಂಚೆ ಏರಿಯನ್ನು ಭದ್ರಪಡಿಸಿದುದರಿಂದ ಕೆರೆ ಒಡೆಯದಿದ್ದರೆ, ಆ ದುರಸ್ತಿಯನ್ನು ವ್ಯರ್ಥವೆನ್ನುವುದು ವಿವೇಕವಲ್ಲ.

ಹಳೆಯ ರೀತಿಯ ಕೆಲವು ಯಂತ್ರಗಳ ಕಾಲಗಣನೆಯು 2038ರ ಜನವರಿ 19ರಂದು ಮಿತಿಯನ್ನು ಮುಟ್ಟುವುದು. ಆದುದರಿಂದ ಗ್ರಾಮಮುಖ್ಯಸ್ಥರೂ ಜಮೀನುದಾರರೂ ಗಣಕವುಳ್ಳ ತೂಕದ ಯಂತ್ರ, ನೀರೆತ್ತುವ ಯಂತ್ರ ಮುಂತಾದವನ್ನು ಕೊಳ್ಳುವಾಗ, ಈ ತಾರೀಖಿನ ವಿಷಯದಲ್ಲಿ ಮಾರುವವರಿಂದ ಲಿಖಿತ ಉತ್ತರವನ್ನು ಪಡೆಯತಕ್ಕದ್ದು. ಬಾಯಿಮಾತಿನ ಭರವಸೆ ಸಾಲದು.