ಹೂವಿನ ಬಣ್ಣವೂ ಟಾನಿಕ್ ಬಾಟಲಿಯೂ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಕೊಡೇಕಲ್ ಸೀಮೆಯಲ್ಲಿ ಬೇಸಾಯದ ರೀತಿಯೇ ಬದಲಾಯಿತು. ಹತ್ತಿ, ಮೆಣಸಿನ ಗಿಡಗಳ ಹೂವು ಉದುರದಿರಲೆಂದು ಎನ್‌ಎಎ ದ್ರಾವಣ ಸಿಂಪಡಿಸುವುದು ಇಲ್ಲಿಯ ರೈತರಿಗೆ ಹೊಸದಲ್ಲ. ದೀಪಾವಳಿಯ ಮಾರುಕಟ್ಟೆಗೆಂದು ಚೆಂಡುಹೂವು ಬೆಳೆಯುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ, “ಸರ್, ಹೂವಿನ ಬಣ್ಣ ಏರಿಸುವ ಟಾನಿಕ್ ಹೊಡೆಯಲೇ?” ಎಂದು ಕೇಳಿದ. ಬೇಡವೆಂದೆ. ಕಾರಣವನ್ನು ನೀವೆಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಚೆಂಡುಹೂವಿನ ಬಣ್ಣ ಕ್ಯಾರೊಟಿನಾಯ್ಡುಗಳದು, ಮುಖ್ಯವಾಗಿ ಲ್ಯೂಟೀನ್ ಎಂಬುದರದು. ಹಳದಿ ತಳಿಯಲ್ಲಿ ಅದು ಕಡಿಮೆ, ಕೇಸರಿ ತಳಿಯಲ್ಲಿ ಹೆಚ್ಚು. ಅದನ್ನು ನಿರ್ಧರಿಸುವುದು ಬೀಜ. ಜಿಬ್ಬರೆಲಿನ್ ಸಿಂಪಡಿಸಿದರೆ ಗಿಡ ಎತ್ತರವಾದೀತು, ಹೂಬಿಡುವ ಕಾಲ ಹಿಂದುಮುಂದಾದೀತು. ಹಳದಿ ತಳಿ ಕೇಸರಿಯಾಗದು.

ಹಾಗೆಂದು ಹಾರ್ಮೋನಿಗೂ ಬಣ್ಣಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. 1926ರಲ್ಲಿ ಜಪಾನಿನ ಕುರೊಸಾವಾ ಭತ್ತದ ಸಸಿಗಳನ್ನು ವಿಪರೀತ ಉದ್ದ ಬೆಳೆಸುವ ರೋಗವೊಂದನ್ನು ಅಭ್ಯಸಿಸುತ್ತ, ಶಿಲೀಂಧ್ರ ಸ್ರವಿಸುವ ವಸ್ತುವೇ ಅದಕ್ಕೆ ಕಾರಣವೆಂದು ತೋರಿಸಿದರು. ಅದೇ ಮುಂದೆ ಜಿಬ್ಬರೆಲಿನ್ ಎನಿಸಿತು. ಪೆಟೂನಿಯಾ ಹೂವಿನ ಎಳೆಯ ಮೊಗ್ಗಿನಿಂದ ಕೇಸರಗಳನ್ನು ಕಿತ್ತರೆ ದಳಗಳ ಬೆಳವಣಿಗೆ ಕುಂದಿ ಬಣ್ಣವೂ ಪೇಲವವಾಗುತ್ತದೆ. ಜಿಬ್ಬರೆಲಿನ್ ಕೊಟ್ಟರೆ ಎರಡೂ ಮರಳುತ್ತವೆ. ಆಂಥೊಸಯನಿನ್ ವರ್ಣಕ ತಯಾರಿಸುವ ಜೀನುಗಳನ್ನು ಅದು ಎಚ್ಚರಿಸುತ್ತದೆ. ಆದರೆ ಗಮನಿಸಿ, ಇದು ಕೊರತೆ ತುಂಬುವ ಕೆಲಸ. ಆರೋಗ್ಯವಂತ ಹೂವು ತನಗೆ ಬೇಕಾದ ಜಿಬ್ಬರೆಲಿನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಅದರ ಮೇಲೆ ಸುರಿದ ಹಣ, ನನ್ನ ಅಭಿಪ್ರಾಯದಲ್ಲಿ, ಕಾಲುವೆಗೆ ಸುರಿದಂತೆ.

ದಳದ ಮೇಲಿನ ಪಟ್ಟೆ, ಚುಕ್ಕೆಗಳ ಮಾತು ಇನ್ನೂ ಸ್ವಾರಸ್ಯಕರ. ಕೆಲವು ಪೆಟೂನಿಯಾಗಳ ನಕ್ಷತ್ರದಂಥ ಬಿಳಿ ಪಟ್ಟೆಗಳಲ್ಲಿ ಬಣ್ಣದ ಜೀನು ಆರ್‌ಎನ್‌ಎ ಮೂಲಕ ಬಾಯಿಮುಚ್ಚಿಕೊಂಡಿರುತ್ತದೆ. 1990ರಲ್ಲಿ ಅಮೆರಿಕದ ವಿಜ್ಞಾನಿಗಳು ನೇರಳೆ ಇನ್ನಷ್ಟು ಗಾಢವಾಗಲೆಂದು ಅದೇ ಜೀನನ್ನು ಹೆಚ್ಚುವರಿಯಾಗಿ ಸೇರಿಸಿದಾಗ ಎಷ್ಟೋ ಹೂವುಗಳು ಬಿಳಿಯಾದವು! ಜೀನನ್ನೇ ಸೇರಿಸಿದವರಿಗೆ ಮಣಿಯದ ಬಣ್ಣ ಎರಡು ಮುಚ್ಚಳ ಔಷಧಕ್ಕೆ ಮಣಿಯುತ್ತದೆಂದು ಅಂಗಡಿಯವನು ಹೇಳಿದರೆ ನಂಬುವುದು ಹೇಗೆ?

ಜಿಬ್ಬರೆಲಿಕ್ ಆಮ್ಲದಂಥ ನಿಯಂತ್ರಕಗಳು 1968ರ ಕೀಟನಾಶಕ ಕಾಯ್ದೆಯ ನೋಂದಣಿಗೆ ಒಳಪಟ್ಟಿವೆ. ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ಬಾಟಲಿಯ ಮೇಲೆ ಹೂವಿನ ಚಿತ್ರ ಎಷ್ಟೇ ಚೆಂದವಿರಲಿ, ಒಳಗಿನ ವಸ್ತುವಿನ ಹೆಸರು, ಪ್ರಮಾಣ, ನೋಂದಣಿ ಸಂಖ್ಯೆ ಇಲ್ಲದಿದ್ದರೆ ಹಿಂದಿರುಗಿಸಿ, ಬಿಲ್ಲು ಕೇಳಿ. ಬಿಲ್ಲು ಕೇಳಲು ಸಂಕೋಚಪಡುವುದು ನಮ್ಮ ಭಾಗದ ಹಳೆಯ ರೋಗ.

ಶಾಲೆಯಲ್ಲಿ ಪಾಠ ಮಾಡುತ್ತಿರುವ ನನ್ನ ಶಿಷ್ಯರಿಗೆ ಒಂದು ಸೂಚನೆ: ಒಂದೇ ಬೀಜದ ಪೊಟ್ಟಣದಿಂದ ಎರಡು ಮಡಿ ಚೆಂಡುಹೂವು ಬೆಳೆಸಿ. ಒಂದಕ್ಕೆ ಆ ಟಾನಿಕ್, ಇನ್ನೊಂದಕ್ಕೆ ಬರಿಯ ನೀರು. ಯಾವ ಮಡಿ ಯಾವುದೆಂದು ತಿಳಿಸದೆ ಮಕ್ಕಳಿಂದಲೇ ಬಣ್ಣ ಹೋಲಿಸಿ ಬರೆಸಿ. ಫಲಿತಾಂಶವನ್ನು ನನಗೂ ಕಳುಹಿಸಿರಿ.