ಬಚ್ಚಲಿಗೆ ಬಿಸಿಸರಳು ಬೇಕೆ?

ಶೀತದೇಶಗಳ ಬಚ್ಚಲುಗಳಲ್ಲಿ ಒದ್ದೆ ಟವೆಲನ್ನು ಆರಿಸಲು ವಿದ್ಯುತ್ತಿನಿಂದ ಕಾಯುವ ಸರಳುಗಳುಂಟು. ಘಟಪ್ರಭೆಯ ದಡದ ಅನಗವಾಡಿಯಲ್ಲಿ ಮನೆ ಕಟ್ಟುವವರಿಗೂ ಅದು ಬೇಕೆ? ಲೆಕ್ಕ ಹಾಕಿ ನೋಡೋಣ.

ಹಿಂಡಿದ ಟವೆಲಿನಲ್ಲಿ 300 ಗ್ರಾಂ ನೀರು ಉಳಿದಿದೆಯೆನ್ನೋಣ. ಅದು ಆವಿಯಾಗಲು ಬೇಕಾದ ಗುಪ್ತೋಷ್ಣವು ಸುಮಾರು 720 ಕಿಲೋಜೂಲ್, ಎಂದರೆ ವಿದ್ಯುತ್ತಿನ ಒಂದು ಯೂನಿಟ್ಟಿನಲ್ಲಿ ಐದನೆಯ ಒಂದು ಪಾಲು. 100 ವಾಟಿನ ಸರಳು ಹಗಲಿರುಳೂ ಕಾಯುತ್ತಿದ್ದರೆ 2.4 ಯೂನಿಟ್ಟು ವ್ಯಯವಾಗುತ್ತದೆ. ಹನ್ನೆರಡರಲ್ಲಿ ಹನ್ನೊಂದು ಪಾಲು ಬಚ್ಚಲನ್ನು ಕಾಯಿಸುವುದಕ್ಕೇ ಹೋಯಿತು. ಲಂಡನ್ನಿನ ಚಳಿಗಾಲದಲ್ಲಿ ಅದು ಉಪಕಾರ. ಬೀಳಗಿ ಸೀಮೆಯ ಬೇಸಗೆಯಲ್ಲಿ ಶಿಕ್ಷೆಯೇ ಸರಿ! ಇಲ್ಲಿಯ ಬಿಸಿಲೂ ಒಣಗಾಳಿಯೂ ಆ ಗುಪ್ತೋಷ್ಣವನ್ನು ಪುಕ್ಕಟೆಯಾಗಿ ಒದಗಿಸುತ್ತವೆ. ಹಿತ್ತಿಲಲ್ಲಿ ಕಟ್ಟಿದ ತಂತಿ ಸಾಕು.

ಆಗುಂಬೆಯ ಆಷಾಢದ ಮಾತು ಬೇರೆ. ಗಾಳಿಯೇ ನೀರಾವಿಯಿಂದ ತುಂಬಿರುವಾಗ ಬಟ್ಟೆ ಆರದೆ ಮುಗ್ಗುತ್ತದೆ. ಅಲ್ಲಿ ನಾವು ಸರಳನ್ನು ಬೇಡವೆನ್ನೆವು. ಆದರೆ ಆವಿ ಹೊರಹೋಗಲು ಮೊದಲು ಗೋಡೆಯಲ್ಲೊಂದು ಕಿಂಡಿಯಿರಲಿ.